ಡೈಪರ್ ಗುಳ್ಳೆ: ಮುಲಾಮು ಹಚ್ಚುವ ಮುನ್ನ ತೊಡೆಸಂದು ಬಿಡಿಸಿ ನೋಡಿ

ಡೈಪರ್ ಬಿಚ್ಚಿದಾಗ ಮಗುವಿನ ಕುಂಡೆ ಕೆಂಪಗೆ ಕಂಡರೆ ಕೈ ಮೊದಲು ಹೋಗುವುದು ಮುಲಾಮಿನ ಟ್ಯೂಬಿಗೆ. ಸ್ವಲ್ಪ ತಡೆಯಿರಿ. ಮಗುವನ್ನು ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ ಅಂಗಾತ ಮಲಗಿಸಿ. ಎರಡೂ ಕಾಲು ಮೆಲ್ಲಗೆ ಅಗಲಿಸಿ, ತೊಡೆಸಂದಿನ ಮಡಿಕೆಯನ್ನು ಎರಡು ಬೆರಳಿನಿಂದ ಬಿಡಿಸಿ ಒಳಗೆ ನೋಡಿ. ಕುಂಡೆ, ಒಳತೊಡೆ, ಕಿಬ್ಬೊಟ್ಟೆಯಂಥ ಉಬ್ಬಿದ ಜಾಗಗಳಷ್ಟೇ ಕೆಂಪಾಗಿ ಮಡಿಕೆಯ ಒಳಗಿನ ಚರ್ಮ ಚೆನ್ನಾಗಿದೆಯೇ? ಅಥವಾ ಮಡಿಕೆಯ ಒಳಗೇ ಹೆಚ್ಚು ಕೆಂಪಿದೆಯೇ? ಯಾವ ಮುಲಾಮು ಬೇಕು ಅನ್ನುವುದು ಬಹುಪಾಲು ಈ ಒಂದು ಉತ್ತರದ ಮೇಲೆ ನಿಂತಿದೆ. ಇದನ್ನು ನೋಡದೆ ಹಚ್ಚಿದ ಮುಲಾಮು ವಾರಗಟ್ಟಲೆ ಕೆಲಸ ಮಾಡದೆ ಮಗುವನ್ನು ನರಳಿಸುತ್ತದೆ.

ಉಬ್ಬಿದ ಜಾಗದಲ್ಲಿ ಮಾತ್ರ ಇದ್ದರೆ ಅದು ಒದ್ದೆ ಮತ್ತು ಉಜ್ಜಾಟದಿಂದ ಬಂದ ಸಾಮಾನ್ಯ ಡೈಪರ್ ರ‍್ಯಾಶ್. ಡೈಪರ್ ಅಥವಾ ಒದ್ದೆ ಲಂಗೋಟಿ ನೇರವಾಗಿ ತಾಗುವುದು ಈ ಜಾಗಗಳಿಗೇ. ಮಡಿಕೆಯ ಒಳಭಾಗಕ್ಕೆ ಅದು ಮುಟ್ಟುವುದಿಲ್ಲ, ಹಾಗಾಗಿ ಮಡಿಕೆ ಉಳಿದುಕೊಳ್ಳುತ್ತದೆ. ಮಡಿಕೆಯೊಳಗೇ ಗಾಢ ಕೆಂಪಾಗಿ, ಅಂಚು ಗೆರೆ ಎಳೆದಂತಿದ್ದು, ಆ ಅಂಚಿನಿಂದಾಚೆ ಸಾಸಿವೆ ಕಾಳಿನಂಥ ಬಿಡಿಬಿಡಿ ಗುಳ್ಳೆಗಳು ಚದುರಿದ್ದರೆ ಅದು ಕ್ಯಾಂಡಿಡಾ ಎಂಬ ಫಂಗಸ್. ಈ ಚದುರಿದ ಗುಳ್ಳೆಗಳೇ ದೊಡ್ಡ ಸುಳಿವು.

ನಮ್ಮ ಮಕ್ಕಳ ಮೈಬಣ್ಣದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ರ‍್ಯಾಶ್ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದ ಮಕ್ಕಳವು. ಕಪ್ಪು ಅಥವಾ ಎಣ್ಣೆಗೆಂಪು ಬಣ್ಣದ ಮಗುವಿನಲ್ಲಿ ಅಂಥ ಗುಲಾಬಿ ಕೆಂಪು ಕಾಣುವುದಿಲ್ಲ. ನೇರಳೆ ಛಾಯೆ, ಕಡುಕಂದು, ಕೆಲವೊಮ್ಮೆ ಬೂದು ಬಣ್ಣ ಕಾಣಬಹುದು. ಆಗ ಕಣ್ಣಿನ ಜೊತೆ ಬೆರಳನ್ನೂ ನಂಬಿ. ಅಂಗೈಯ ಹಿಂಭಾಗ ತಾಗಿಸಿದರೆ ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿ ಇರುತ್ತದೆ, ಬಿಗಿದು ಹೊಳೆಯುತ್ತದೆ ಅಥವಾ ತರಿತರಿ ಅನಿಸುತ್ತದೆ. ತೊಳೆಯುವಾಗ ಮಗು ಸೆಟೆದು ಅಳುವುದೂ ಒಂದು ಗುರುತೇ.

ಯಾಕೆ ಹೀಗಾಗುತ್ತದೆ

ಬರೀ ಉಚ್ಚೆಯಿಂದ ಇಷ್ಟು ಹಾನಿಯಾಗುವುದಿಲ್ಲ. ಉಚ್ಚೆ ಮತ್ತು ಕಕ್ಕ ಸೇರಿದಾಗ ತೊಂದರೆ ಶುರು. ಉಚ್ಚೆಯಲ್ಲಿರುವ ಯೂರಿಯಾವನ್ನು ಮಲದ ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆಯುತ್ತವೆ. ಬೆಳಿಗ್ಗೆ ಡೈಪರ್ ಬಿಚ್ಚಿದಾಗ ಮೂಗಿಗೆ ಬಡಿಯುವ ಘಾಟು ಅದೇ. ಚರ್ಮದ ಮೇಲ್ಮೈ ಸಹಜವಾಗಿ ತುಸು ಆಮ್ಲೀಯ. ಅಮೋನಿಯ ಅದನ್ನು ಕ್ಷಾರದ ಕಡೆಗೆ ತಳ್ಳುತ್ತದೆ. ಕ್ಷಾರ ಹೆಚ್ಚಿದಂತೆ ಮಲದಲ್ಲಿ ಉಳಿದಿರುವ ಜೀರ್ಣಕಾರಕ ಕಿಣ್ವಗಳು ಚುರುಕಾಗುತ್ತವೆ. ಹೊಟ್ಟೆಯಲ್ಲಿ ಪ್ರೋಟೀನು ಮತ್ತು ಕೊಬ್ಬನ್ನು ಕರಗಿಸುವ ಅದೇ ಕಿಣ್ವಗಳು ಇಲ್ಲಿ, ಒದ್ದೆಯಲ್ಲಿ ನೆನೆದು ಮೆತ್ತಗಾದ ಚರ್ಮದ ಮೇಲೆ ಕೆಲಸ ಮಾಡತೊಡಗುತ್ತವೆ.

ಭೇದಿಯಾದಾಗ ಒಂದೇ ದಿನದಲ್ಲಿ ಚರ್ಮ ಸುಲಿದು ಹೋಗುವುದು ಇದಕ್ಕೇ. ಎದೆಹಾಲು ಮಾತ್ರ ಕುಡಿಯುವ ಮಗುವಿನ ಮಲ ಹೆಚ್ಚು ಆಮ್ಲೀಯವಾದ್ದರಿಂದ ಅದಕ್ಕೆ ರ‍್ಯಾಶ್ ಕಡಿಮೆ. ರಾಗಿ ಸರಿ, ಹಣ್ಣು, ಬೇಳೆಕಟ್ಟು ಶುರುವಾದ ಮೇಲೆ ಮಲ ಬದಲಾಗುತ್ತದೆ. 9ರಿಂದ 12 ತಿಂಗಳ ವಯಸ್ಸಿನಲ್ಲಿ ಈ ತೊಂದರೆ ಅತಿ ಹೆಚ್ಚು ಕಾಣಿಸುವುದು ಸುಮ್ಮನೆ ಅಲ್ಲ.

ಡೈಪರ್ ಒಳ್ಳೆಯದೋ ಬಟ್ಟೆ ಒಳ್ಳೆಯದೋ ಎಂದು ಅಜ್ಜಿಗೂ ಸೊಸೆಗೂ ನಡೆಯುವ ಜಗಳದಲ್ಲಿ ಇಬ್ಬರ ಮಾತಲ್ಲೂ ಸತ್ಯವಿದೆ. ಇಂದಿನ ಡೈಪರಿನೊಳಗಿನ ಜೆಲ್ ಉಚ್ಚೆಯನ್ನು ಹೀರಿ ಚರ್ಮದಿಂದ ದೂರ ಇಡುತ್ತದೆ. ಆ ಮಟ್ಟಿಗೆ ಅದು ಒದ್ದೆ ಲಂಗೋಟಿಗಿಂತ ಮೇಲು. ಆದರೆ ಜೆಲ್ ಮಲವನ್ನು ಹೀರುವುದಿಲ್ಲ. 'ಹನ್ನೆರಡು ಗಂಟೆ ಒಣ' ಅನ್ನುವ ಮಾತನ್ನು ನಂಬಿ ಕಕ್ಕ ಮಾಡಿದ ಡೈಪರನ್ನು ಹಾಗೇ ಬಿಟ್ಟರೆ ಕೆಟ್ಟಿತು. ಬಟ್ಟೆ ಕಟ್ಟುವವರಿಗೆ ಒದ್ದೆ ತಕ್ಷಣ ಗೊತ್ತಾಗುತ್ತದೆ, ತಕ್ಷಣ ಬದಲಿಸುತ್ತಾರೆ. ಅದರ ಲಾಭ ಅಲ್ಲಿದೆ. ಅದೇ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಎರಡೂ ಕಡೆಯ ಕೆಡುಕು ಒಟ್ಟಿಗೆ ಬರುತ್ತದೆ. ಗುಳ್ಳೆ ಇರುವಾಗ ಪ್ಲಾಸ್ಟಿಕ್ ಚಡ್ಡಿಯಂತೂ ಬೇಡವೇ ಬೇಡ.

ಸಾಮಾನ್ಯ ರ‍್ಯಾಶಿಗೆ ಮೂರು ದಿನದ ಆರೈಕೆ

ಮೊದಲನೆಯದು ತೊಳೆಯುವುದು, ಬಹಳಷ್ಟು ಕೆಡುವುದೂ ಇಲ್ಲೇ. ಉಗುರುಬೆಚ್ಚಗಿನ ನೀರನ್ನು ಚೊಂಬಿನಿಂದ ಮೆಲ್ಲಗೆ ಸುರಿದು ಮಲವನ್ನು ಹರಿದುಹೋಗಲು ಬಿಡಿ. ಅಂಟಿಕೊಂಡಿದ್ದರೆ ಹತ್ತಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಒರೆಸಿದರೆ ಉಜ್ಜದೆ ಬರುತ್ತದೆ. ಪ್ರತಿ ಸಲ ಸೋಪು ಬೇಡ. ಸೋಪು ಕ್ಷಾರ, ಈಗಾಗಲೇ ಕ್ಷಾರದಿಂದ ನೊಂದ ಚರ್ಮಕ್ಕೆ ಇನ್ನಷ್ಟು ಕ್ಷಾರ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಗಂಡುಮಗುವಿನ ಮುಂದೊಗಲನ್ನು ಹಿಂದೆ ಎಳೆಯಬಾರದು. ಚರ್ಮ ಸುಲಿದಿದ್ದರೆ ವೈಪ್ಸ್ ಬದಿಗಿಟ್ಟು ಬರೀ ನೀರು ಬಳಸಿ. ಚರ್ಮ ಗಟ್ಟಿಯಿರುವಾಗ ವೈಪ್ಸ್ ಬಳಸುವುದಿದ್ದರೆ ಸುವಾಸನೆ ಮತ್ತು ಆಲ್ಕೋಹಾಲ್ ಇಲ್ಲದ್ದನ್ನೇ ಆರಿಸಿ.

ಆಮೇಲೆ ಒಣಗಿಸಬೇಕು. ಮೆತ್ತಗಿನ ಹಳೇ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಎಳೆದು ಒರೆಸಬೇಡಿ. ಮಡಿಕೆ ಬಿಡಿಸಿ ಒಳಗೂ ಒತ್ತಿ. ನಂತರ ರಬ್ಬರ್ ಶೀಟಿನ ಮೇಲೆ ನಾಲ್ಕು ಮಡಿಕೆಯ ಹತ್ತಿಬಟ್ಟೆ ಹಾಸಿ, ಡೈಪರ್ ಇಲ್ಲದೆ 10–15 ನಿಮಿಷ ಮಗುವನ್ನು ಆಡಲು ಬಿಡಿ. ದಿನಕ್ಕೆ ಮೂರು ಸಲವಾದರೂ ಹೀಗೆ ಗಾಳಿಯಾಡಬೇಕು, ಹೆಚ್ಚಾದಷ್ಟೂ ಒಳ್ಳೆಯದು. ಹಾಸಿಗೆ ಒದ್ದೆಯಾಗುತ್ತದೆ ಎಂಬ ಭಯಕ್ಕೆ ಈ ಕೆಲಸ ತಪ್ಪಿಸುವವರೇ ಹೆಚ್ಚು; ಮಗು ಆಗಷ್ಟೇ ಕಕ್ಕ ಮಾಡಿ ಮುಗಿಸಿದ ಹೊತ್ತು ಇದಕ್ಕೆ ಎಲ್ಲಕ್ಕಿಂತ ಅನುಕೂಲ. ಹೇರ್ ಡ್ರೈಯರ್ ಬೇಡ, ಸುಡುತ್ತದೆ. ಸಾಂಬ್ರಾಣಿ ಹೊಗೆಯಿಂದಲೂ ರ‍್ಯಾಶ್ ಒಣಗುವುದಿಲ್ಲ. ಹೊಗೆ ಮಗುವಿನ ಶ್ವಾಸಕೋಶಕ್ಕೆ ಹೋಗುವುದಷ್ಟೇ ಫಲ.

ಮೂರನೆಯದು ತಡೆಗೋಡೆ. ಇಲ್ಲಿ ಮುಲಾಮು ಚರ್ಮದೊಳಗೆ ಇಂಗುವ ಔಷಧಿಯಲ್ಲ. ಅದು ಚರ್ಮಕ್ಕೂ ಮಲಮೂತ್ರಕ್ಕೂ ನಡುವೆ ಕಟ್ಟುವ ಗೋಡೆ, ಹಾಗಾಗಿ ದಪ್ಪಗಿರಬೇಕು. ಜಿಂಕ್ ಆಕ್ಸೈಡ್ ಇರುವ ಪೇಸ್ಟ್ ಕೊಳ್ಳಿ. ಟ್ಯೂಬಿನ ಮೇಲೆ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ದಿನನಿತ್ಯದ ಮುನ್ನೆಚ್ಚರಿಕೆಗೆ ಶೇ. 10ರ ಆಸುಪಾಸಿನದು ಸಾಕು, ಗುಳ್ಳೆ ಎದ್ದ ಮೇಲೆ ಶೇ. 20ರಿಂದ 40 ಇರುವುದು ಬೇಕು. ಆರು ತಿಂಗಳ ಮಗುವಿಗೆ ಒಂದು ಸಲಕ್ಕೆ ಅಡಿಕೆ ಗಾತ್ರದಷ್ಟು ತೆಗೆದುಕೊಂಡು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಮೆತ್ತಿದಂತೆ ಮೆತ್ತಿ. ಕೆಳಗಿನ ಚರ್ಮ ಕಾಣಬಾರದು. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯ ಒಂದು ಪದರ ಸವರಿದರೆ ಪೇಸ್ಟ್ ಡೈಪರಿಗೆ ಅಂಟಿ ಕಿತ್ತು ಬರುವುದಿಲ್ಲ. ಜಿಂಕ್ ಪೇಸ್ಟ್ ಸಿಗದಿದ್ದರೆ ಬರೀ ಪೆಟ್ರೋಲಿಯಂ ಜೆಲ್ಲಿಯೂ ನಡೆಯುತ್ತದೆ. 30 ಗ್ರಾಮಿನ ಟ್ಯೂಬ್ ಒಂದು ತಿಂಗಳು ಬಂದಿದೆ ಎಂದರೆ ತೀರಾ ತೆಳುವಾಗಿ ಹಚ್ಚುತ್ತಿದ್ದೀರಿ ಎಂದೇ ಅರ್ಥ. ಜೋರು ರ‍್ಯಾಶಿನಲ್ಲಿ ಅದು ಕೆಲವೇ ದಿನಕ್ಕೆ ಮುಗಿಯಬೇಕು.

ಮುಂದಿನ ಬದಲಾವಣೆಯಲ್ಲಿ ಆ ಪೇಸ್ಟನ್ನು ಪೂರ್ತಿ ಕೆರೆದು ತೆಗೆಯಬೇಡಿ. ಕೊಳೆಯಾದ ಮೇಲ್ಪದರವನ್ನಷ್ಟೇ ಒರೆಸಿ, ಉಳಿದಿದ್ದರ ಮೇಲೆ ಹೊಸದು ಹಚ್ಚಿ. ಪ್ರತಿ ಸಲ ಬಿಳಿ ಹೋಗುವವರೆಗೆ ತಿಕ್ಕುವುದೇ ಎಷ್ಟೋ ಮನೆಗಳಲ್ಲಿ ಗಾಯ ಆರದಿರಲು ಕಾರಣ. ಪೂರ್ತಿ ತೆಗೆಯಲೇಬೇಕೆಂದರೆ ದಿನಕ್ಕೊಮ್ಮೆ, ಸ್ನಾನಕ್ಕೆ ಮುಂಚೆ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ.

ಗುಳ್ಳೆ ಇರುವಷ್ಟು ದಿನ ಎರಡು ಗಂಟೆಗೊಮ್ಮೆ ಡೈಪರ್ ನೋಡಿ, ಕಕ್ಕ ಮಾಡಿದ್ದರೆ ಆ ಕ್ಷಣವೇ ಬದಲಿಸಿ. ರಾತ್ರಿ ಒಮ್ಮೆಯಾದರೂ ಎದ್ದು ಬದಲಿಸಬೇಕು. ಡೈಪರ್ ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ತೊಡೆಯ ಮೇಲೆ ಎಲಾಸ್ಟಿಕ್ಕಿನ ಕೆಂಪು ಗೆರೆ ಉಳಿಯುತ್ತಿದ್ದರೆ ದೊಡ್ಡ ಅಳತೆ ತನ್ನಿ.

ಇಷ್ಟನ್ನೂ ಸರಿಯಾಗಿ ಮಾಡಿದರೆ ಸಾಮಾನ್ಯ ರ‍್ಯಾಶ್ ಎರಡು ಮೂರು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಇಳಿಯದಿದ್ದರೆ ಅದೇ ಮುಲಾಮನ್ನು ಇನ್ನೊಂದು ವಾರ ಹಚ್ಚಿ ಕಾಯಬೇಡಿ, ಮಡಿಕೆಯನ್ನು ಮತ್ತೆ ನೋಡಿ. ಒದ್ದೆಯಲ್ಲಿ ಮೂರು ದಿನ ಮೀರಿ ನೊಂದ ಚರ್ಮದ ಮೇಲೆ ಕ್ಯಾಂಡಿಡಾ ಸುಲಭವಾಗಿ ಬೇರೂರುತ್ತದೆ.

ಫಂಗಸ್ ಆಗಿದ್ದರೆ

ಮಗುವಿಗೆ ಇತ್ತೀಚೆಗೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಫಂಗಸ್ಸಿನ ಅನುಮಾನ ಹೆಚ್ಚು. ಬಾಯನ್ನೂ ನೋಡಿ: ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರಿನಂಥ ಬಿಳಿ ಕಲೆಗಳಿದ್ದು, ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗದಿದ್ದರೆ ಅಲ್ಲೂ ಅದೇ ಫಂಗಸ್. ಹಾಲೂಡಿಸುವ ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ. ಬಾಯಿ, ಕುಂಡೆ, ತಾಯಿಯ ಎದೆ ಮೂರಕ್ಕೂ ಒಟ್ಟಿಗೆ ಚಿಕಿತ್ಸೆಯಾಗದಿದ್ದರೆ ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ.

ಕ್ಯಾಂಡಿಡಾಕ್ಕೆ ಜಿಂಕ್ ಒಂದೇ ಸಾಲದು. ಶೇ. 1ರ ಕ್ಲೋಟ್ರಿಮಜೋಲ್ ಅಥವಾ ಶೇ. 2ರ ಮೈಕೊನಜೋಲ್ ಕ್ರೀಮನ್ನು ವೈದ್ಯರು ಬರೆದುಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಇದು ಜಿಂಕ್ ಪೇಸ್ಟಿನಂತೆ ಮೆತ್ತುವುದಲ್ಲ, ತೆಳುವಾಗಿ ಸವರುವುದು. ಚದುರಿದ ಗುಳ್ಳೆಗಳನ್ನೂ ದಾಟಿ ಒಂದು ಸೆಂಟಿಮೀಟರ್ ಆಚೆಯವರೆಗೆ, ಮಡಿಕೆಯ ತಳಕ್ಕೂ ತಲುಪುವಂತೆ. ಕೆಲವು ನಿಮಿಷ ಬಿಟ್ಟು ಅದರ ಮೇಲೆ ಜಿಂಕ್ ಪೇಸ್ಟ್. ಅನುಕ್ರಮ ತಪ್ಪಬಾರದು: ಮೊದಲು ಜಿಂಕ್ ಮೆತ್ತಿದರೆ ಫಂಗಸ್ ಔಷಧಿ ಚರ್ಮಕ್ಕೆ ತಲುಪುವುದೇ ಇಲ್ಲ. ನಾಲ್ಕನೇ ದಿನಕ್ಕೆ ಚೆನ್ನಾಗಿ ಕಂಡಿತೆಂದು ನಿಲ್ಲಿಸಿದರೆ ಮರಳಿ ಬರುತ್ತದೆ. ಗುಳ್ಳೆ ಪೂರ್ತಿ ಮಾಯವಾದ ಮೇಲೂ ಎರಡು ಮೂರು ದಿನ ಮುಂದುವರಿಸಿ; ಒಟ್ಟು 7ರಿಂದ 10 ದಿನ ಬೇಕಾಗಬಹುದು.

ಮೆಡಿಕಲ್ ಶಾಪಿನ ಕಾಂಬಿನೇಷನ್ ಕ್ರೀಮು

ಈ ಭಾಗವನ್ನು ದಯವಿಟ್ಟು ಓದದೆ ದಾಟಬೇಡಿ. "ಮಗುವಿಗೆ ಗುಳ್ಳೆ ಎದ್ದಿದೆ, ಏನಾದರೂ ಕೊಡಿ" ಎಂದರೆ ಮೆಡಿಕಲ್ ಶಾಪಿನಲ್ಲಿ ಎಷ್ಟೋ ಸಲ ಕೈಗೆ ಬರುವುದು ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಸೇರಿದ ಕ್ರೀಮು. ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ. ಇಳಿಸಿದ್ದು ಸ್ಟೀರಾಯ್ಡ್, ಅದು ಉರಿಯೂತವನ್ನು ಅಡಗಿಸುತ್ತದೆ, ಫಂಗಸ್ ಮಾತ್ರ ಒಳಗೇ ಹಬ್ಬುತ್ತದೆ. ನಿಲ್ಲಿಸಿದೊಡನೆ ಮೊದಲಿಗಿಂತ ಜೋರಾಗಿ ಏಳುತ್ತದೆ, ಮತ್ತೆ ಹಚ್ಚುತ್ತಾರೆ, ಹೀಗೇ ತಿಂಗಳು ಕಳೆಯುತ್ತದೆ. ಮಗುವಿನ ಚರ್ಮ ತೆಳು. ಅದರ ಮೇಲೆ ಡೈಪರ್ ಬಿಗಿದರೆ ಮುಚ್ಚಳ ಹಾಕಿದಂತಾಗಿ ಔಷಧಿ ರಕ್ತಕ್ಕೆ ಸೇರುವುದು ಇನ್ನೂ ಹೆಚ್ಚು. ಬಹುದಿನ ಹಚ್ಚಿದ ಮಕ್ಕಳಲ್ಲಿ ಚರ್ಮ ಕಾಗದದಂತಾಗುವುದು, ಗಂಟು ಕಟ್ಟುವುದು ಮಾತ್ರವಲ್ಲ, ಮುಖ ಊದಿ ದುಂಡಗಾಗಿ ಬೆಳವಣಿಗೆಯೇ ಕುಂಠಿತವಾಗುವುದೂ ಉಂಟು.

ಕೊಳ್ಳುವ ಮುಂಚೆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ, ಓದಲಾಗದಿದ್ದರೆ ಅಂಗಡಿಯವರಿಂದ ಓದಿಸಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಡೈಪರ್ ಜಾಗಕ್ಕೆ ಹಚ್ಚಬೇಡಿ. ಉರಿಯೂತ ಜೋರಾಗಿದ್ದಾಗ ಮಕ್ಕಳ ವೈದ್ಯರು ಶೇ. 1ರ ಹೈಡ್ರೋಕಾರ್ಟಿಸೋನನ್ನು ಕೆಲವೇ ದಿನಕ್ಕೆಂದು ಬರೆಯುವುದುಂಟು. ಅದು ಕಡಿಮೆ ಶಕ್ತಿಯ ಸ್ಟೀರಾಯ್ಡ್, ಅದಕ್ಕೂ ದಿನದ ಲೆಕ್ಕ ಮೀರಬಾರದು. ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟ ಟ್ಯೂಬ್ ನಿಮ್ಮ ಮಗುವಿಗಲ್ಲ.

ಮನೆಮದ್ದಿನಲ್ಲಿ ಯಾವುದು ಸರಿ, ಯಾವುದು ಅಪಾಯ

ಚರ್ಮ ಒಡೆಯದೆ ಬರೀ ನಸುಗೆಂಪಾಗಿದ್ದಾಗ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಬಹುದು. ಆದರೆ ಗೋಡೆಯಾಗಿ ಅದು ಜಿಂಕ್ ಪೇಸ್ಟಿನಷ್ಟು ಗಟ್ಟಿಯಲ್ಲ. ಆ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕರ್ಪೂರ ಒಡೆದ ಚರ್ಮದ ಮೂಲಕ ಮೈಗೆ ಸೇರುತ್ತದೆ, ಎಳೆಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು. ಅರಿಶಿನ ಬೇಡ: ಉರಿಸುವುದರ ಜೊತೆಗೆ ತನ್ನ ಬಣ್ಣದಿಂದ ಕೆಂಪನ್ನು ಮುಚ್ಚಿ, ರ‍್ಯಾಶ್ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗದಂತೆ ಮಾಡುತ್ತದೆ. ಎರೆಯುವಾಗ ಕಡಲೆಹಿಟ್ಟು ತಿಕ್ಕುವುದನ್ನು ಗುಳ್ಳೆ ಆರುವವರೆಗೆ ಸೊಂಟದ ಕೆಳಗೆ ನಿಲ್ಲಿಸಿ. ಮಗುವಿಗೆ ನೀರು ಹಾಕಲು ಬರುವ ಅಜ್ಜಿಗೂ ಇದನ್ನು ಮೊದಲೇ ಹೇಳಿಡಿ.

ಪೌಡರ್ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಬೇಡ. ಒದ್ದೆ ಮಡಿಕೆಯಲ್ಲಿ ಅದು ಹಿಟ್ಟಿನ ಉಂಡೆಯಂತೆ ಕಟ್ಟಿ ಉಜ್ಜುತ್ತದೆ, ಹಾರಿದ ಪುಡಿ ಮಗುವಿನ ಉಸಿರಿಗೆ ಹೋಗುತ್ತದೆ. ಬೋರಿಕ್ ಪೌಡರ್ ಇನ್ನೂ ಅಪಾಯ, ಅದು ಒಡೆದ ಚರ್ಮದಿಂದ ಒಳಸೇರುವ ವಿಷ. ತೊಳೆಯುವ ನೀರಿಗೆ ಆಂಟಿಸೆಪ್ಟಿಕ್ ಹನಿಸುವುದು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಬಳಿಯುವುದು ಎರಡೂ ಬೇಡ. ಆಂಟಿಸೆಪ್ಟಿಕ್ ಸುಡುತ್ತದೆ, ಅಯೋಡಿನ್ ಎಳೆಮಗುವಿನ ಮೈಗೆ ಸೇರಿ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸಬಹುದು.

ಇನ್ನು ಉಡಿದಾರ. ಕಪ್ಪು ದಾರವಾಗಲಿ ಬೆಳ್ಳಿಯದಾಗಲಿ, ಅದು ಡೈಪರಿನ ಅಂಚಿನೊಳಗೆ ಸಿಕ್ಕಿಕೊಂಡರೆ ಉಚ್ಚೆ ಕುಡಿದ ದಾರ ದಿನವಿಡೀ ಸೊಂಟವನ್ನು ಉಜ್ಜುತ್ತದೆ. ಸೊಂಟದ ಸುತ್ತ ದಾರದ ಅಗಲಕ್ಕೆ ಸರಿಯಾಗಿ ಗೆರೆಯಂತೆ ಕೆಂಪಾಗಿದ್ದರೆ ಬೇರೆಲ್ಲೂ ಕಾರಣ ಹುಡುಕಬೇಡಿ. ಆರುವವರೆಗೆ ಬಿಚ್ಚಿಡಿ. ಬಿಚ್ಚಲು ಮನೆಯಲ್ಲಿ ಒಪ್ಪದಿದ್ದರೆ ಸ್ನಾನದ ನಂತರ ಒಣ ದಾರ ಬದಲಿಸಿ, ಡೈಪರನ್ನು ಅದರ ಕೆಳಗೆ ಕಟ್ಟಿ. ಬೆಳ್ಳಿಯಲ್ಲಿ ನಿಕಲ್ ಬೆರಕೆಯಿದ್ದರೆ ಅಲರ್ಜಿಯಿಂದಲೂ ಹೀಗಾಗುತ್ತದೆ.

ಬಟ್ಟೆ ಒಗೆಯುವುದರಲ್ಲಿ ಊರಿನ ನೀರು, ಹವೆ ಎರಡೂ ಲೆಕ್ಕಕ್ಕೆ ಬರುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಪೂರ್ತಿ ಬಿಡುವುದಿಲ್ಲ. ಒಣಗಿದ ಲಂಗೋಟಿ ಹಪ್ಪಳದಂತೆ ಬಿರುಸಾಗಿದ್ದರೆ ಅದರಲ್ಲಿ ಸೋಪು ಉಳಿದಿದೆ. ಪುಡಿ ಕಡಿಮೆ ಮಾಡಿ, ಮೂರು ಸಲ ಹೊಸ ನೀರಿನಲ್ಲಿ ಜಾಲಿಸಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಮುಟ್ಟಿದರೆ ತಣ್ಣಗೆ ಅನಿಸುವ ಬಟ್ಟೆ ಇನ್ನೂ ಹಸಿ. ಎರಡೂ ಕಡೆ ಇಸ್ತ್ರಿ ಹಾಕಿ, ಬಿಸಿ ಆರಿದ ಮೇಲೆ ಕಟ್ಟಿ. ಬಟ್ಟೆ ಮೆತ್ತಗಾಗಿಸುವ ಸುವಾಸನೆಯ ದ್ರಾವಣ ಎಲ್ಲೂ ಬೇಡ. ಅದು ಬಟ್ಟೆ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ.

ವೈದ್ಯರಲ್ಲಿಗೆ ಹೋಗಲೇಬೇಕಾದ ಹೊತ್ತು

ಕೀವು, ನೀರು ತುಂಬಿದ ಬೊಬ್ಬೆ, ಒಡೆದು ಜೇನಿನ ಬಣ್ಣದ ಹಕ್ಕಳೆ ಕಂಡರೆ ಬ್ಯಾಕ್ಟೀರಿಯಾ ಸೋಂಕು, ಆಂಟಿಬಯಾಟಿಕ್ ಬೇಕಾಗುತ್ತದೆ. ಗುದದ್ವಾರದ ಸುತ್ತ ಮಾತ್ರ ಬಳೆಯಂತೆ ಕಡುಗೆಂಪಾಗಿ, ಕಕ್ಕ ಮಾಡುವಾಗ ಮಗು ಚೀರಿ, ಮಲದಲ್ಲಿ ರಕ್ತದ ಗೆರೆ ಕಂಡರೆ ಅದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಮಲಬದ್ಧತೆ ಎಂದುಕೊಂಡು ಕೂರುವುದು ಇಲ್ಲಿ ಸಾಮಾನ್ಯ ತಪ್ಪು. ಇದಕ್ಕೆ ಬಾಯಿಯ ಮೂಲಕ ಔಷಧಿ ಬೇಕು, ಮುಲಾಮಿನಿಂದ ವಾಸಿಯಾಗುವುದಿಲ್ಲ. ಡೈಪರ್ ಜಾಗದ ಜೊತೆಗೆ ಬಾಯಿಯ ಸುತ್ತ, ಕೈಕಾಲುಗಳಲ್ಲೂ ಹಾಗೇ ಸುಲಿದು, ಭೇದಿ ನಿಲ್ಲದೆ, ಕೂದಲು ಉದುರುತ್ತಿದ್ದರೆ ಮೈಯಲ್ಲಿ ಜಿಂಕ್ ಕೊರತೆಯಿರಬಹುದು. ಅಂಗೈ ಅಂಗಾಲಿನಲ್ಲೂ ಗುಳ್ಳೆ ಎದ್ದು ಮನೆಮಂದಿಯೆಲ್ಲ ರಾತ್ರಿ ತುರಿಸಿಕೊಳ್ಳುತ್ತಿದ್ದರೆ ಕಜ್ಜಿ. ಆಗ ಮಗುವಿಗೊಂದೇ ಅಲ್ಲ, ಎಲ್ಲರಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರವಿದ್ದರೆ, ಯಾವ ವಯಸ್ಸಿನ ಮಗುವೇ ಆದರೂ ಹಾಲು ಬಿಟ್ಟು ಮಂಕಾಗಿದ್ದರೆ, ಚರ್ಮ ಹಾಳೆಯಂತೆ ಸುಲಿಯುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಭೇದಿಯಿಂದ ಬಂದ ರ‍್ಯಾಶ್ ಆದರೆ ಓಆರ್‌ಎಸ್ ಜೊತೆಗೆ 14 ದಿನದ ಜಿಂಕ್ ಔಷಧಿಯನ್ನೂ ಕೇಳಿ: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ್ದರೆ 20 ಮಿಲಿಗ್ರಾಂ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ವಿಚಾರಿಸಿ. ಭೇದಿ ನಿಂತರೂ 14 ದಿನ ಪೂರೈಸಬೇಕು.

ಗುಳ್ಳೆ ಆರಿದ ಜಾಗದಲ್ಲಿ ನಮ್ಮ ಮೈಬಣ್ಣದ ಮಕ್ಕಳಿಗೆ ಕೆಲವು ವಾರ ಬಿಳಿಚಿದ ಅಥವಾ ಕಪ್ಪಾದ ಕಲೆ ಉಳಿಯುತ್ತದೆ. ಬಿಳಿಚಿದ್ದು ತೊನ್ನಲ್ಲ, ಕಪ್ಪಾಗಿದ್ದು ಕೊಳೆಯಲ್ಲ. ಮುಟ್ಟಿದರೆ ನುಣುಪಾಗಿದ್ದು, ಬಿಸಿಯಿಲ್ಲದೆ, ಮಗು ಅಳದೆ ತೊಳೆಸಿಕೊಂಡರೆ ರ‍್ಯಾಶ್ ಹೋಗಿದೆ. ಕಲೆ ತಾನಾಗಿ ಮಾಸುತ್ತದೆ, ಅದಕ್ಕೆ ಯಾವ ಕ್ರೀಮೂ ಬೇಕಿಲ್ಲ.